ಹೊಸ ವರ್ಷನ್ ಇಳಿಸಿದವರು ಯಾರು?

ಗಂಗಾರಾಮನ ಮಗ್ಗದಿಂದ ಇಳಿದ ಸೀರೆಯ ಸೆರಗಿನಲ್ಲಿ ಒಂದು ನವಿಲಿಗೂ ತಲೆ ಇರಲಿಲ್ಲ.

ಪಕ್ಕದ ಮನೆಯಲ್ಲೂ ಅದೇ ಗತಿ. ಬನಹಟ್ಟಿಯ ಆ ಓಣಿಯ ಮಗ್ಗಗಳಿಗೆ ನಕ್ಷೆ ಕಳಿಸುವುದು ಪರಮಾನಂದರ ಸಣ್ಣ ಕಂಪನಿಯ ತಂತ್ರಾಂಶ. ಹೊರಗಿನವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು, ಅಂದರೆ ಲೈಬ್ರರಿಗಳನ್ನು, ಕೂಡಿಸಿ ಅದನ್ನು ಕಟ್ಟುತ್ತಾರೆ. ಯಾವ ಲೈಬ್ರರಿಯ ಯಾವ ವರ್ಷನ್ ಬಳಸಬೇಕೆಂಬ ಶಿಫಾರಸು, ತಂತ್ರಾಂಶವನ್ನು ಕಟ್ಟಿಕೊಡುವ ಬಿಲ್ಡ್ ಟೂಲಿನಲ್ಲಿರುತ್ತದೆ. ಆ ಶಿಫಾರಸನ್ನು ಯಾರೋ ಬದಲಿಸಿದ್ದರು. ಹೊಸ ವರ್ಷನ್ ಚಿತ್ರದ ಮೇಲಿನ ಸಾಲುಗಳನ್ನೇ ನುಂಗುತ್ತಿತ್ತು.

ದಾಖಲೆಯಲ್ಲಿ ಆ ಬದಲಾವಣೆಯ ಮುಂದಿದ್ದದ್ದು ಕಂಪನಿಯ ಕೆಲಸಗಾರ್ತಿಯ ಹೆಸರು— ಅಕ್ಷತಾ.

“ಓಣಿ ಮುಂದ ನಿಂತು ತಪ್ಪಾತು ಅನ್ನು. ಕೆಲಸ ಬಿಡು,” ಎಂದರು ಪರಮಾನಂದ.

“ಮಾಡದ ತಪ್ಪಿಗೆ ಕೈ ಮುಗಿಯಾಕಿ ನಾ ಅಲ್ಲರಿ.”

ಅವಳನ್ನು ನಂಬಿದವನು ಗಂಗಾರಾಮನೊಬ್ಬನೇ. ಜಮಖಂಡಿಯಿಂದ ವೈಶಾಲಿಯನ್ನು ಕರೆತಂದವನೂ ಅವನೇ. ವೈಶಾಲಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ನೇಕಾರರ ಪರವಾಗಿ ಎಲ್ಲಿ ಜಗಳವಿದ್ದರೂ ಅಲ್ಲಿ ಹಾಜರು.

ಕಂಪನಿಯಲ್ಲಿ ಈ ಕೆಲಸ ಬಲ್ಲವರು ಮೂವರೇ— ಅಕ್ಷತಾ, ಸಂಜು, ಪರಮಾನಂದ. ಮೂವರನ್ನೂ ವೈಶಾಲಿ ಕಚೇರಿಯಲ್ಲಿ ಎದುರು ಕೂರಿಸಿಕೊಂಡಳು.

“ಹೆಸರ ಆಕೀದೈತಿ. ಇನ್ನೇನ್ ಬೇಕ್ರಿ?” ಎಂದರು ಪರಮಾನಂದ.

ವೈಶಾಲಿ ಸಂಜುವಿನತ್ತ ತಿರುಗಿದಳು. “ನೀ ಯಾರ ಹೆಸರಿನಾಗ ಕೆಲಸ ಕಳಸ್ತಿ?”

ಸಂಜು ತಲೆ ಕೆರೆದುಕೊಂಡ. “ಅಕ್ಷತಾನ ಹೆಸರಿನಾಗ ರೀ. ಎಲ್ಲಾರೂ ಅಷ್ಟ. ಎಲ್ಲಾರಿಗೂ ಕೂಡಿ ಒಂದ ಲಾಗಿನ್ ಖಾತೆ ಐತಿ.”

ಗಂಗಾರಾಮ ನಕ್ಕುಬಿಟ್ಟ. “ನಮ್ಮ ಶೆಡ್ಡಿನಂಗ ಆತಲ್ಲೋ! ಕರೆಂಟ್ ಮೀಟರ್ ಒಬ್ಬನ ಹೆಸರಿನಾಗ, ಮಗ್ಗ ಮಂದೀವು!”

“ಹಂಗಾದ್ರ ಹೆಸರು ಸಾಕ್ಷಿ ಅಲ್ಲ,” ಎಂದಳು ವೈಶಾಲಿ. “ಅಕ್ಷತಾ, ವರ್ಷನ್ ಬದಲಿಸು ಅಂತ ನಿನಗ ಯಾರರ ಹೇಳಿದ್ರೇನು?”

“ಇವ್ರ, ನಮ್ಮ ಸಾವಕಾರ್ರು ಹೇಳಿದ್ರು. ಸೂರತ್ತಿನ ಗಿರಾಕಿಗೆ ಎಲ್ಲಾ ಹೊಸಾದ ಬೇಕಂತ. ಒಂದೊಂದ ಬದಲಿಸಿ, ಒಂದ ಮಗ್ಗದಾಗ ಗೇಣು ಅರಿವಿ ನೇಯ್ದು ನೋಡೂಣು ಅಂದೆ. ಬೈದ್ರು.”

“ಆಮ್ಯಾಲ ನೀನ ಸಿಟ್ಟಿಲೆ ಬದಲಿಸಿದಿ!” ಪರಮಾನಂದ ಮೇಜು ಗುದ್ದಿದರು. “ಆಕಿ ಕಂಪ್ಯೂಟರ್ ಹುಡುಕ್ರಿ. ಬೇಕಾದ್ರ ನನ್ನ ಲ್ಯಾಪ್‌ಟಾಪೂ ನೋಡ್ರಿ. ನನಗ್ಯಾರ ಅಂಜಿಕಿ?”

ವೈಶಾಲಿ ಮೂವರ ಕಂಪ್ಯೂಟರುಗಳನ್ನೂ ನೋಡಿದಳು. ಬೇಗ ಮುಗಿಸಿದಳು.

“ನಕ್ಷೆ ಕೆಟ್ಟ ಮ್ಯಾಲ ಯಾರರ ಬಿಲ್ಡ್ ಮಾಡೀರೇನು?”

“ಇಲ್ಲ. ನಾನ ಬಂದ್ ಮಾಡ್ಸೀನಿ,” ಎಂದರು ಪರಮಾನಂದ.

“ಛಲೋ ಆತು.” ವೈಶಾಲಿ ಎದ್ದು ನಿಂತಳು. “ಆಕಿ ಕಂಪ್ಯೂಟರಿನ್ಯಾಗ ಏನೈತಿ ಅಂತ ಹುಡುಕ್ರಿ ಅಂದ್ರಿ ನೀವು. ಏನಿಲ್ಲ ಅಂತ ನಾ ನೋಡಿದೆ. ಶಿಫಾರಸು ಬದಲಾತಂದ್ರ ಬಿಲ್ಡ್ ಟೂಲ್ ಹೊಸ ಲೈಬ್ರರಿನ ಇಂಟರ್ನೆಟ್ಟಿನಿಂದ ಇಳಿಸಿ, ಬಿಲ್ಡ್ ಮಾಡಿದ ಕಂಪ್ಯೂಟರಿನ್ಯಾಗ ಒಂದ ಪ್ರತಿ ಇಟ್ಕೋತೈತಿ. ಅಕ್ಷತಾನ ಹತ್ರ ಹಳೇದಷ್ಟ ಐತಿ. ಸಂಜುನ ಹತ್ರನೂ ಹಳೇದಷ್ಟ.”

“ಅಳಿಸಿರಬೇಕು ಆಕಿ!”

“ಅಳಿಸಿದ್ಲಂತ ಇಟ್ಕೋರಿ. ಕೆಟ್ಟ ಮ್ಯಾಲ ಯಾರೂ ಬಿಲ್ಡ್ ಮಾಡಿಲ್ಲಂದ್ರ, ನಿಮ್ಮ ಲ್ಯಾಪ್‌ಟಾಪಿಗೆ ಹೆಂಗ ಬಂತ್ರಿ ಹೊಸಾದು?”

ಪರಮಾನಂದ ಲ್ಯಾಪ್‌ಟಾಪ್ ಮುಚ್ಚಿದರು.

“ಮಗ್ಗಕ್ಕ ಹೋದ ತಂತ್ರಾಂಶ ಕಟ್ಟಿದವ್ರು ನೀವು. ಗೇಣು ಅರಿವಿ ನೇಯ್ದು ನೋಡೂವಷ್ಟೂ ತಡಿಲಿಲ್ಲ. ಕೆಟ್ಟಮ್ಯಾಲ ಆಕಿ ಹೆಸರಿನ ಹಿಂದ ಅಡಗಿದ್ರಿ.”

ಪರಮಾನಂದ ದನಿ ತಗ್ಗಿಸಿದರು. “ಆತು, ಬಿಡ್ರಿ. ಅಕ್ಷತಾ, ನಾಳಿಂದ ಕೆಲಸಕ್ಕ ಬಾ. ಪಗಾರ ಏರಿಸ್ತೇನಿ. ಇದು ನಾಕ್ ಗ್ವಾಡಿ ಒಳಗ ಇರ್ಲಿ.”

“ಹೆಸರು ಓಣಿಯಾಗ ಕೆಡಿಸಿ ಗ್ವಾಡಿ ಒಳಗ ತೊಳೀತೀರೇನ್ರಿ?” ಅಕ್ಷತಾ ಬಾಗಿಲು ತೆರೆದು ಹಿಡಿದಳು. “ನಡೀರಿ.”

ಪರಮಾನಂದ ಆಸರೆಗೆಂದು ಸಂಜುವನ್ನು ನೋಡಿದರು. ಸಂಜು ಆಗಲೇ ಹೊಸ್ತಿಲ ಹೊರಗಿದ್ದ.

ಓಣಿಯ ನಡುವೆ ನಿಂತು ಪರಮಾನಂದ ಏನೋ ಗೊಣಗಿದರು.

“ಜೋರಾಗಿ ಹೇಳ್ರಿ,” ಎಂದಳು ಅಕ್ಷತಾ. “ಮಗ್ಗದ ಸಪ್ಪಳದಾಗ ಕೇಳಂಗಿಲ್ಲ.”