ಎರಡು ಸುತ್ತಿನ ಗಂಟು

“ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಹೋಗು.” ಜುಟ್ಟು ತನ್ನ ತಾತನ ಲಾಂದ್ರವನ್ನು ತಿರುಗಿಸಿ ತೋರಿಸುತ್ತಿದ್ದಳು. ಕ್ಲಾಸಿಗೆ ಕ್ಲಾಸೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು, ಚೋಟು ಒಬ್ಬಳನ್ನು ಬಿಟ್ಟು.

ಚೋಟುಗೆ ಹೊಟ್ಟೆಕಿಚ್ಚು. ಅಷ್ಟಿಷ್ಟಲ್ಲ, ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಷ್ಟು. ಜುಟ್ಟು ದಿನಾ ಅವಳ ಪಕ್ಕದಲ್ಲೇ ಕೂರುವ ಗೆಳತಿ. ಆದರೂ ಆ ಲಾಂದ್ರದ ಗಾಜು ಒಡೆದುಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಊರಿನ ಇತಿಹಾಸದ ಪ್ರದರ್ಶನಕ್ಕೆ ಮನೆಯಿಂದ ಹಳೆಯ ವಸ್ತು ತರಲು ಮೇಡಂ ಹೇಳಿದ್ದರು. ಜುಟ್ಟುವಿನ ತಾತ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಚೋಟುವಿನ ಅಜ್ಜಿ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊಲಿಯುತ್ತಿದ್ದವಳು. ಹಾಗಾಗಿ ಅವಳಿಗೆ ಲಾಂದ್ರ, ಇವಳಿಗೆ ದಬ್ಬಣ. ಗೇಣುದ್ದದ ಸೂಜಿ, ಅದೂ ಸೊಟ್ಟ! ಅಜ್ಜಿ ಅದಕ್ಕೆ ದಾರ ಪೋಣಿಸಿ, ತುದಿಗೆ ತನ್ನ ಎರಡು ಸುತ್ತಿನ ಗಂಟು ಹಾಕಿ ಕೊಟ್ಟಿದ್ದಳು.

“ನಾನೂ ಬರ್ಲೇನೇ?” ಎಂದು ಅಜ್ಜಿ ಹೊಸ ಚಪ್ಪಲಿಯನ್ನೂ ತೆಗೆದಿಟ್ಟಿದ್ದಳು.

ಮಕ್ಕಳಿಗೆ ಮಾತ್ರ ಎಂದು ಚೋಟು ಸುಳ್ಳು ಬಿಟ್ಟಿದ್ದಳು. ದಬ್ಬಣ ಬ್ಯಾಗಿನ ತಳ ಸೇರಿತು. ಮೇಡಂ ಕೇಳಿದಾಗ ತರಲು ಮರೆತೆ ಎಂದಳು.

ಮಧ್ಯಾಹ್ನ ಜುಟ್ಟುವಿನ ತಾತ ಬಂದರು. ರೈಲಿನ ಕತೆ ಹೇಳಿ ಎಂದು ಎಲ್ಲರೂ ಮುತ್ತಿಕೊಂಡರು. ತಾತ ಹೇಳಿದ್ದು ಮಾತ್ರ ಹತ್ತಿಯ ಕತೆ. ದಾರಿಯಲ್ಲಿ ಮೂಟೆ ಬಿಚ್ಚಿಕೊಂಡು ಎಂಜಿನ್ನಿನ ಒಂದು ಕಿಡಿ ಬಿದ್ದರೂ ವ್ಯಾಗನ್ನೇ ಭಸ್ಮವಂತೆ. ಅದಕ್ಕೇ ಅವರು ಹೊರಡುವ ಮುಂಚೆ ಮೂಟೆಗಳ ಗಂಟು ಮುಟ್ಟಿ ನೋಡುತ್ತಿದ್ದರಂತೆ. ಹೊಲಿಯುವವರು ಒಬ್ಬೊಬ್ಬರದೂ ಒಂದೊಂದು ಬಗೆಯ ಗಂಟು.

“ಎರಡು ಸುತ್ತಿನ ಗಂಟೊಂದು ಬರ್ತಿತ್ತು ನೋಡ್ರಪ್ಪ. ಅದು ಕಂಡ್ರೆ ನಿಶ್ಚಿಂತೆಯಿಂದ ಹಸಿರು ತೋರಿಸ್ತಿದ್ದೆ. ಹಾಕ್ದೋರು ಮಿಲ್ಲಿನ ಒಳಗೆ, ನಾನು ಸ್ಟೇಷನ್ನಲ್ಲಿ. ಮುಖ ನೋಡ್ಲೇ ಇಲ್ಲ.”

ಅದು ಅಜ್ಜಿಯ ಗಂಟೇ ಎಂದು ಚೋಟುಗೆ ಹೊಳೆಯಿತು. ಬ್ಯಾಗಿನೊಳಗೆ ಕೈ ಹಾಕಿದಳು. ಗಂಟು ಬೆರಳಿಗೆ ಸಿಕ್ಕಿತು. ಈಗ ಎತ್ತಿ ತೋರಿಸಿದರೆ ಎಲ್ಲರೂ ತನ್ನನ್ನೇ ಮುತ್ತಿಕೊಳ್ಳುತ್ತಾರೆ. ಬೆಳಗ್ಗಿನಿಂದ ಅವಳಿಗೆ ಬೇಕಾಗಿದ್ದೂ ಅದೇ.

ಆದರೆ ಅಜ್ಜಿ ತೆಗೆದಿಟ್ಟ ಆ ಹೊಸ ಚಪ್ಪಲಿ ನೆನಪಾಯಿತು.

“ತಾತ, ಸ್ವಲ್ಪ ಹೊತ್ತು ಇರ್ತೀರಾ?” ಎಂದವಳೇ ಉತ್ತರಕ್ಕೂ ಕಾಯದೆ ಬ್ಯಾಗ್ ಎತ್ತಿಕೊಂಡು ಮನೆಗೆ ಓಡಿದಳು.

ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಚೋಟು ಏದುಸಿರು ಬಿಡುತ್ತಾ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು.

“ಸುಳ್ಳು ಹೇಳಿದ್ದೆ ಅಜ್ಜಿ. ದೊಡ್ಡೋರೂ ಬರಬಹುದು.”

ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿದಳು. ಬೈಯಲಿಲ್ಲ.

“ದಬ್ಬಣ ತೋರಿಸಿದೆಯಾ?”

“ಇಲ್ಲ,” ಎಂದು ಚೋಟು ಅದನ್ನು ಅಜ್ಜಿಯ ಕೈಗಿಟ್ಟಳು. “ನೀನೇ ಬಂದು ತೋರಿಸು.”