ಮೋಶೆಯ ಚಿತ್ರದಿಂದ ಅಂಗೈಯಗಲ

೧೯೩೧ರ ಏಪ್ರಿಲ್ ೧೪, ಮಂಗಳವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಗ್ರಂಥಪಾಲಕಿ ಮಿಸ್ ಬೋಗಾರ್ಟ್ ತಲೆಗೆ ಟೋಪಿಯೂ ಇಲ್ಲದೆ ವಿನ್‌ಕಿಲ್ ಪೊಲೀಸ್ ಠಾಣೆಗೆ ಓಡಿಬಂದರು. ಗ್ರಂಥಾಲಯದ ಗೋಡೆಯಲ್ಲಿದ್ದ ‘ನೆಬೋ ಬೆಟ್ಟದ ಮೇಲೆ ಮೋಶೆ’ ಚಿತ್ರಕ್ಕೆ ಯಾರೋ ಕತ್ತಿ ಹಾಕಿದ್ದರು. ಎಂಬತ್ತು ವರ್ಷ ಹಳೆಯ ಚಿತ್ರ. ಶುಕ್ರವಾರ ನ್ಯೂಯಾರ್ಕಿನ ವ್ಯಾಪಾರಿಯ ಪಾಲಾಗುವುದಿತ್ತು.

ಸಾರ್ಜೆಂಟ್ ವೆಸೆಲ್ ಎಲ್ಟಿಂಗ್ ದೂರು ದಾಖಲಿಸಿಕೊಂಡ. ಒಂಬತ್ತು ನಲವತ್ತಕ್ಕೆ ಕಾನ್‌ಸ್ಟೇಬಲ್ ಕ್ರೋಮ್ ಜೊತೆ ಸ್ಥಳ ಮಹಜರು ಮಾಡಿದ. ಹಿಂದಿನ ಕಿಟಕಿಯ ಚಿಲಕ ಮುರಿದಿತ್ತು. ಚಿನ್ನದ ಚೌಕಟ್ಟು ಹಾಗೇ ಇತ್ತು. ಬೆಟ್ಟದ ತುದಿಯಲ್ಲಿ ನಿಂತು ವಾಗ್ದತ್ತ ದೇಶವನ್ನು ನೋಡುತ್ತಿದ್ದ ಮೋಶೆಯೂ ಹಾಗೇ ಇದ್ದ. ಅವನು ನೋಡುತ್ತಿದ್ದ ಕಣಿವೆಯಲ್ಲಿ ಅಂಗೈಯಗಲದ ಒಂದು ತುಂಡು ಮಾತ್ರ ಇರಲಿಲ್ಲ.

“ಕಳ್ಳನಿಗೆ ತಲೆ ಕೆಟ್ಟಿತ್ತಾ ಸಾರ್? ಮೋಶೆನ ಬಿಟ್ಟು ಹುಲ್ಲು ಕದ್ದಿದಾನೆ!”

“ಆ ಹುಲ್ಲು ಯಾರಿಗೆ ಬೇಕಿತ್ತು, ಅದು ಹೇಳು.”

ಎಲ್ಟಿಂಗ್ ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿದ. ಒಂದು ನೂಲೂ ಎದ್ದಿರಲಿಲ್ಲ, ಮೂಲೆಗಳು ಬಾಗಿದ್ದವು. ಅರ್ಧಚಂದ್ರಾಕಾರದ ಕತ್ತಿ, ಚರ್ಮ ಕತ್ತರಿಸುವಂಥದ್ದು. ಮೋಟಾರು ಬಂದ ಮೇಲೆ ಊರಿನಲ್ಲಿ ಕುದುರೆ ಜೀನು ಹೊಲಿಯುವವರು ಇಬ್ಬರೇ ಉಳಿದಿದ್ದರು.

ವ್ಯಾಪಾರಿಗೆಂದು ತೆಗೆಸಿದ್ದ ಚಿತ್ರದ ಫೋಟೊ ಹಿಡಿದು ಎಲ್ಟಿಂಗ್ ಮೊದಲನೆಯವನಾದ ಹ್ಯಾಸ್‌ಬ್ರೂಕ್‌ನ ಅಂಗಡಿಗೆ ಹೋದ. ಕಾಣೆಯಾದ ಭಾಗದಲ್ಲಿ ಹೊಳೆಯ ತಿರುವು, ಒಂದು ಎಲ್ಮ್ ಮರ, ಕುರಿ ದಾಟಲು ಕಿಂಡಿ ಬಿಟ್ಟ ಕಲ್ಲುಗೋಡೆ ಇದ್ದವು.

ಹ್ಯಾಸ್‌ಬ್ರೂಕ್ ನಕ್ಕುಬಿಟ್ಟ. “ಯೊರ್ದನ್ ನದಿಯಂತೆ! ಇದು ನಮ್ಮ ಕ್ರುಮ್‌ಹುಕ್ ಹಳ್ಳಿ ಕಣಯ್ಯ. ಚಿತ್ರ ಬರೆದೋನು ಪವಿತ್ರ ದೇಶಕ್ಕೆ ಹೋಗಿದ್ನಾ? ಇಲ್ಲೇ ಕೂತು ಬರೆದಿದಾನೆ. ಅಣೆಕಟ್ಟು ಕಟ್ಟಿ, ಈಗ ನ್ಯೂಯಾರ್ಕಿನೋರು ಕುಡಿಯೋ ನೀರು ಅದರ ಮೇಲೆ ನಿಂತಿದೆ. ಟ್ಯೂನಿಸ್‌ನ ಕೇಳು, ಅವನ ಮನೆ ಅಲ್ಲೇ ಇತ್ತು.”

ಮಧ್ಯಾಹ್ನ ಮೂರು ಇಪ್ಪತ್ತು. ಎಲ್ಟಿಂಗ್, ಕ್ರೋಮ್ ಹೋದಾಗ ಜೀನು ಹೊಲಿಯುವ ಎರಡನೆಯವನಾದ ಟ್ಯೂನಿಸ್ ಡೆಪ್ಯೂ ಅಂಗಡಿಯಲ್ಲಿ ಲಗಾಮು ಹೊಲಿಯುತ್ತಿದ್ದ.

“ನಿನ್ನೆ ಸಂಜೆ ಎಲ್ಲಿದ್ರಿ?”

“ಗ್ರಂಥಾಲಯದಲ್ಲಿ.”

“ಬಾಗಿಲು ಹಾಕಿದ ಮೇಲೆ?”

“ಹೂಂ. ಚಿತ್ರನ ಒಂದು ದಿನದ ಮಟ್ಟಿಗೆ ಕೊಡಿ ಅಂತ ಮೂರು ಸಲ ಕೇಳ್ದೆ. ಆಗಲ್ಲ ಅಂದ್ರು. ಹೆಂಡತಿನ ಹೊತ್ಕೊಂಡು ಬರೋಣ ಅಂದ್ರೆ ಡಾಕ್ಟರು ಬಿಡಲಿಲ್ಲ.”

“ತುಂಡು ಎಲ್ಲಿದೆ?”

ಟ್ಯೂನಿಸ್ ಮಹಡಿಯತ್ತ ನೋಡಿದ.

ಮೇಲೆ, ಹಾಸಿಗೆಯಲ್ಲಿ ಅವನ ಹೆಂಡತಿ ಯಾನೆಕೆ ಭೂತಗನ್ನಡಿ ಹಿಡಿದು ಆ ತುಂಡನ್ನು ನೋಡುತ್ತಿದ್ದಳು. ಉಸಿರು ಗೊರಗುಟ್ಟುತ್ತಿತ್ತು. ಸಮವಸ್ತ್ರ ಕಂಡು ಅಂಜಲಿಲ್ಲ.

“ಬನ್ನಿ, ನೀವಾದ್ರೂ ನೋಡಿ ಹೇಳಿ. ಕೂಸನ್ನ ಮಣ್ಣು ಮಾಡಿದ್ದು ಕುರಿ ಕಿಂಡಿ ಪಕ್ಕ. ಅಷ್ಟು ನನಗೆ ಗೊತ್ತು. ಕಿಂಡಿ ಮರದಿಂದ ದಿಣ್ಣೆ ಮೇಲ್ಗಡೆ ಇತ್ತು ಅಂತ ಇವನು, ಕೆಳಗಡೆ ಅಂತ ನಾನು. ಈಗ ನೋಡಿ, ಎಲ್ಲಿದೆ?”

ಎಲ್ಟಿಂಗ್ ಬಗ್ಗಿ ನೋಡಿದ. “ಕೆಳಗಡೆ ಅಮ್ಮ.”

“ಕೇಳಿಸ್ತಾ ಟ್ಯೂನಿಸ್?”

“ಕೇಳಿಸ್ತು ಕಣೆ. ನೀನೇ ಸರಿ.”

ಮೆಟ್ಟಿಲಿಳಿಯುವಾಗ ಟ್ಯೂನಿಸ್ ಉಳಿದದ್ದನ್ನು ಹೇಳಿದ. ಎಂಟು ದಿನದ ಮಗು, ಗುರುತಿನ ಕಲ್ಲು ಇಟ್ಟಿರಲಿಲ್ಲ. ಅಣೆಕಟ್ಟಿನವರು ಊರಿನ ಗೋರಿಗಳನ್ನೆಲ್ಲ ತೆಗೆದು ಬೇರೆಡೆ ಸಾಗಿಸುವ ಹೊತ್ತಿಗೆ ಗೋಡೆ ಕಿತ್ತು, ಮರ ಕಡಿದಾಗಿತ್ತು. “ಅವಳು ಬೇಡ ಬೇಡ ಅಂದ್ರೂ ಮೇಲ್ಗಡೆ ಜಾಗ ತೋರಿಸಿದೋನು ನಾನು. ಅಗೆದ್ರು, ಏನೂ ಸಿಗಲಿಲ್ಲ. ಹೋದ್ರು. ನೀರು ಬಂತು. ಆಮೇಲೆ ತಪ್ಪು ನಂದೇ ಅಂತ ಎಷ್ಟು ಸಲ ಹೇಳಿದ್ರೂ, ಸಮಾಧಾನಕ್ಕೆ ಹೇಳ್ತೀಯ ಅಂತಿದ್ಲು.”

ನೆರೆಮನೆಯಾಕೆ ಬರುವ ತನಕ ಕ್ರೋಮ್ ಮೇಲೆಯೇ ಕುಳಿತ. ಯಾನೆಕೆಗೆ ನಿದ್ದೆ ಹತ್ತಿದ ಮೇಲೆ ತುಂಡನ್ನು ವಶಕ್ಕೆ ತೆಗೆದುಕೊಂಡರು. ಐದು ಹದಿನೈದಕ್ಕೆ ಟ್ಯೂನಿಸ್‌ನ ದಸ್ತಗಿರಿ ಆಯಿತು.

ಠಾಣೆಯಲ್ಲಿ ಎಲ್ಟಿಂಗ್ ವರದಿ ಬರೆಯಲು ಕುಳಿತ. ಅಪರಾಧದ ಉದ್ದೇಶ ಎಂಬಲ್ಲಿಗೆ ಬಂದ. ಅಲ್ಲಿ ಬರೆದ: ಹೆಂಡತಿ ಹೇಳಿದ್ದೇ ನಿಜವೆಂದು ಅವಳಿಗೆ ತೋರಿಸುವುದು.