ಸುಳ್ಳು ಬೆಡಗು

ಮೈಸೂರು ಸೀಮೆಯಲ್ಲಿ ಗುರವ್ವನಿಗೆ ನೆಂಟರಿರಲಿಲ್ಲ.

ಹಿರೇಕೆರೂರಿನ ಕಡೆ ಬ್ರಿಟಿಷರಿಗೆ ಕಂದಾಯ ಕೊಡೋದಿಲ್ಲ ಅಂತ ಕೂತ ಅಪ್ಪ ಜೈಲಿಗೆ ಹೋಗಿದ್ದ. ಹೊಲ, ಎತ್ತು ಎರಡೂ ಜಪ್ತಿ. ಅವಳು ಅವ್ವನನ್ನು ಕರೆದುಕೊಂಡು ಅಜ್ಜಂಪುರದಲ್ಲಿ ರೈಲಿಳಿದು ಬುಕ್ಕಾಂಬುಧಿಗೆ ನಡೆದು ಬಂದಳು.

ಪಟೇಲ ಈರಭದ್ರಪ್ಪ ಜಗಲಿಯಿಂದ ಏಳಲಿಲ್ಲ. "ಗುರುತಿನೋರಿಲ್ದೆ ಪರಸೀಮೆಯೋರ್ನ ಇಟ್ಕಳಂಗಿಲ್ಲ ಕಣಮ್ಮ. ಅಮಲ್ದಾರ್ ಕೇಳಿದ್ರೆ ನಾನೇನ್ ಹೇಳ್ಲಿ?"

ಪಕ್ಕದಲ್ಲಿ ಕೂತಿದ್ದ ಪಂಚಾಕ್ಷರಪ್ಪ ಊರ ಪಂಚಾಯ್ತಿಗೆ ಕೂರುವವನು, ಇನ್ನೂ ಮದುವೆಯಾಗದವನು. ಅವಳ ಧೂಳು ಹತ್ತಿದ ಕಾಲು ನೋಡಿ, ಯೋಚನೆ ಮಾಡದೆ ಅಂದುಬಿಟ್ಟ: "ನಮ್ಮ ಬೆಡಗಿನೋರೇ ಕಣ್ರೀ, ದಾಯಾದಿಗಳು. ತೋಟದ ಮನೇಲಿ ಇರ್ಲಿ."

ಪಟೇಲರು ಒಪ್ಪಿದರು.

ತೋಟದ ಮನೆಯ ಬೀಗ ತೆಗೆಯುತ್ತ ಅವನು ಮೆಲ್ಲಗೆ ಕೇಳಿದ, "ನಿಮ್ಮ ಬೆಡಗು ಯಾವ್ದು?"

"ಈಗ ಕೇಳಾಕತ್ತೀರೇನ್ರಿ?"

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವನು ಅದನ್ನೇ ನೋಡುತ್ತ, ಬಿಚ್ಚಿದ ಬೀಗವನ್ನು ಇನ್ನೂ ತಿರುಗಿಸುತ್ತಿದ್ದ.

ರಾಗಿ ಹಿಟ್ಟಲ್ಲಿ ಅವಳು ರೊಟ್ಟಿ ಬಡಿದರೆ ಚೂರಾಯಿತು. "ಮುದ್ದೆ ಮಾಡ್ಬೇಕು," ಅಂದ. "ನುಂಗಾಕ ನೀವ ಕಲಿಸ್ರಿ," ಅಂದಳು. ಕಲಿಸಲು ಅವನು ದಿನಾ ಬಂದ.

ತೊಂದರೆ ಊರವರಿಂದ ಬಂತು. ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ. ನೀರಿಗೆ ಹೋದಾಗೆಲ್ಲ ಹೆಂಗಸರು ಅವಳನ್ನು ಕೇಳುತ್ತಿದ್ದರು, "ನಿಮ್ಮಣ್ಣ ಎಲ್ಲಿ?"

"ಖರೇ ಹೇಳಿದ್ರ ನಮ್ಮನ್ನ ಹೊರಗ ಹಾಕ್ತಾರ," ಅಂದಳು ಗುರವ್ವ.

"ಹೇಳ್ದಿದ್ರೆ ಸಾಯೋವರ್ಗೂ ನಾನು ನಿಮ್ಮಣ್ಣ."

"ಅಣ್ಣ ನನಗ ಬ್ಯಾಡ," ಅಂದಳು.

ಬೆಳಿಗ್ಗೆ ಪಂಚಾಕ್ಷರಪ್ಪನ ಜೊತೆ ಪಟೇಲರ ಜಗಲಿಯೆದುರು ನಿಂತು ಅವಳೇ ಮಾತು ತೆಗೆದಳು. "ಇವರ ಬೆಡಗು ಬ್ಯಾರೆ, ನಮ್ಮದು ಬ್ಯಾರೆ. ನಮಗ ಆಸರೆ ಸಿಗಲಿ ಅಂತ ಸುಳ್ಳು ಹೇಳಿದ್ರು."

"ನನ್ನೆದುರೇ ಸುಳ್ಳು ಹೇಳ್ದೇನೋ ಲೇ?"

"ಹೂಂ."

"ಹಂಗಾದ್ರೆ ಇವ್ರಿಗಿಲ್ಲಿ ಯಾರೂ ಇಲ್ಲ. ಹೊರಡ್ಲಿ."

"ಮದ್ವೆಯಾದ್ರೆ ನಾನಿದೀನಲ್ಲ," ಅಂದ ಪಂಚಾಕ್ಷರಪ್ಪ.

ಪಟೇಲರು ಗುರವ್ವನ ಕಡೆ ತಿರುಗಿದರು. "ನಿಂಗೆ ಒಪ್ಗೆನಾ?"

"ಒಪ್ಪದಿದ್ರ ನಿಮ್ಮ ಮುಂದ ಯಾಕ ನಿಂದರ್ತಿದ್ದೆ?"

ಪಟೇಲರು ಎಲೆಯಡಿಕೆ ಉಗಿದು ಬಂದು ಕೂತರು. "ಮಠದಲ್ಲಿ ಆಗ್ಲಿ, ಬೇಗ. ಅಮಲ್ದಾರ್ ಬಂದ್ರೆ ಊರ ಸೊಸೆ ಅಂತೀನಿ. ನೀನು ಮಾತ್ರ ಇನ್ಮೇಲೆ ಪಂಚಾಯ್ತಿಗೆ ಕೂರ್ಬೇಡ ಕಣೋ. ನಿನ್ನ ಮಾತು ನಂಬಂಗಿಲ್ಲ."

ಮದುವೆಯಾಯಿತು. ಅಪ್ಪ ಆಮೇಲೆ ಜೈಲಿಂದ ಬಂದು ಮುದ್ದೆ ನುಂಗಲು ಕಲಿತ. ಹೋದದ್ದು ಇಷ್ಟು: ಎಂಟೆಕರೆ ಎರೆಹೊಲ, ಒಂದು ಜೋಡಿ ಎತ್ತು, ಪಂಚಾಯ್ತಿ ಕಟ್ಟೆಯ ಮೇಲೆ ಒಬ್ಬ ಕೂರುವಷ್ಟು ಜಾಗ.